ವೆಸ್ಟ್ ಬ್ಯಾಂಕ್ ತಡೆಗೋಡೆಯ ನಕ್ಷೆ: ಆ ಗೆರೆ ಎಲ್ಲಿಂದ ಬಂತು, ಎಷ್ಟು ನಂಬಬಹುದು?

ಪದೇ ಪದೇ ಕೇಳುವ ಪ್ರಶ್ನೆಗಳು

ವೆಸ್ಟ್ ಬ್ಯಾಂಕಿನಲ್ಲಿ, ಅಂದರೆ ಜೋರ್ಡಾನ್ ನದಿಯ ಪಶ್ಚಿಮದ ಪ್ಯಾಲೆಸ್ಟೀನಿಯರ ಪ್ರದೇಶದಲ್ಲಿ, ಇಸ್ರೇಲ್ 2002ರಲ್ಲಿ ಕಟ್ಟಲು ಶುರುಮಾಡಿದ ತಡೆಗೋಡೆ ಪತ್ರಿಕೆಯ ನಕ್ಷೆಯಲ್ಲಿ ಒಂದು ಥರ ಕಾಣುತ್ತದೆ, ಪುಸ್ತಕದಲ್ಲಿ ಇನ್ನೊಂದು ಥರ, ವಾಟ್ಸಾಪಿಗೆ ಬರುವ ಚಿತ್ರದಲ್ಲಿ ಮತ್ತೊಂದು ಥರ. ನಾನು ಅದರ ನಕ್ಷೆಯನ್ನು ಕನ್ನಡದಲ್ಲಿ ಬಿಡಿಸಿದ ಮೇಲೆ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸುದ್ದಿಮನೆಯ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇದು ಗೋಡೆಯೋ, ಬೇಲಿಯೋ?

ಎರಡೂ ಹೌದು. ಉದ್ದದ ಲೆಕ್ಕದಲ್ಲಿ ಬಹುಪಾಲು ಬೇಲಿ. ಮುಟ್ಟಿದರೆ ಸುಳಿವು ಕೊಡುವ ತಂತಿ ಬೇಲಿ, ಅದರ ಪಕ್ಕ ಕಂದಕ, ಮುಳ್ಳುತಂತಿಯ ಸುರುಳಿ, ಸೇನೆಯ ಗಸ್ತು ರಸ್ತೆ, ಹೆಜ್ಜೆಗುರುತು ಮೂಡಲೆಂದು ನಯಮಾಡಿದ ಮರಳಿನ ಪಟ್ಟಿ, ಇವೆಲ್ಲ ಸೇರಿ ಹಲವು ಕಡೆ 50–60 ಮೀಟರ್ ಅಗಲವಾಗುತ್ತದೆ. ಕಾಂಕ್ರೀಟ್ ಗೋಡೆ ಇರುವುದು ಒಟ್ಟು ಉದ್ದದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮಾತ್ರ. ಆದರೆ ಅದು ನಿಂತಿರುವುದು ಜೆರುಸಲೇಮ್, ಬೆತ್ಲೆಹೆಮ್, ಕಲ್ಕಿಲ್ಯಾದಂಥ ಜನ ಕಿಕ್ಕಿರಿದ ಕಡೆ. ಎತ್ತರ 8–9 ಮೀಟರ್. ಹೀಗಾಗಿ ಫೋಟೊಗಳಲ್ಲಿ ಗೋಡೆಯೇ ಕಾಣುತ್ತದೆ, ಅಲ್ಲಿ ಬದುಕುವ ಬಹಳಷ್ಟು ಜನರ ಕಣ್ಣೆದುರಿಗೂ ಗೋಡೆಯೇ ಇರುತ್ತದೆ.

ಹೆಸರಿನಲ್ಲೂ ತಗಾದೆ ಇದೆ. ಇಸ್ರೇಲ್ ಸರ್ಕಾರ ‘ಭದ್ರತಾ ಬೇಲಿ’ ಎನ್ನುತ್ತದೆ. ಪ್ಯಾಲೆಸ್ಟೀನಿಯರು ಗೋಡೆ ಎಂಬ ಅರ್ಥದ ‘ಜಿದಾರ್’ ಎನ್ನುತ್ತಾರೆ. ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ‘ಗೋಡೆ’ ಎಂಬ ಪದವನ್ನೇ ಬಳಸಿತು, ಅದು ಎಲ್ಲ ಕಡೆಯೂ ಗೋಡೆಯಲ್ಲ ಎಂದು ತಿಳಿಸಿಯೇ ಬಳಸಿತು. ಕನ್ನಡದಲ್ಲಿ ‘ತಡೆಗೋಡೆ’ ರೂಢಿಯಾಗಿದೆ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಪದದೊಳಗೇ ಗೋಡೆ ಕೂತಿರುವುದರಿಂದ ನಕ್ಷೆಯಲ್ಲಿ ಕಾಂಕ್ರೀಟಿಗೂ ಬೇಲಿಗೂ ಬೇರೆ ಬೇರೆ ಗುರುತು ಹಾಕಲೇಬೇಕು ಅನ್ನುವುದು ನನ್ನ ಹಟ.

ಹಾಗಾದರೆ ಅದೇ ಇಸ್ರೇಲಿನ ಗಡಿಯೇ?

ಅಲ್ಲ. ನನಗೆ ಸಿಗುವ ನಕ್ಷೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ತಡೆಗೋಡೆಯ ಗೆರೆಯೊಂದನ್ನೇ ಹಾಕಿ, ಈಚೆಗೆ ಒಂದು ಬಣ್ಣ, ಆಚೆಗೆ ಒಂದು ಬಣ್ಣ ಬಳಿದರೆ ನೋಡಿದವರು ಅದನ್ನು ಗಡಿ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ?

ಹೋಲಿಸಿ ನೋಡಬೇಕಾದ ಗೆರೆ ‘ಹಸಿರು ರೇಖೆ’. ಅದು ಇಸ್ರೇಲಿಗೂ ಜೋರ್ಡಾನಿಗೂ ನಡುವಿನ 1949ರ ಕದನವಿರಾಮದ ಗೆರೆ. ಅದರ ಉದ್ದ ಸುಮಾರು 320 ಕಿ.ಮೀ. ತಡೆಗೋಡೆಗೆ ಒಪ್ಪಿಗೆಯಾದ ಮಾರ್ಗದ ಉದ್ದ ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಮನ್ವಯ ಕಚೇರಿಯ ಲೆಕ್ಕದಲ್ಲಿ ಸುಮಾರು 712 ಕಿ.ಮೀ. ಎರಡಕ್ಕಿಂತ ಹೆಚ್ಚು ಪಟ್ಟು! ಅದೇ ಕಚೇರಿಯ ಪ್ರಕಾರ ಮಾರ್ಗದ ಸುಮಾರು 85 ಶೇಕಡ ವೆಸ್ಟ್ ಬ್ಯಾಂಕಿನ ಒಳಗಿದೆ. ಈ ಎರಡು ಗೆರೆಗಳ ನಡುವಿನ ಜಾಗದಲ್ಲೇ ಊರುಗಳಿವೆ, ಬಾವಿಗಳಿವೆ, ಆಲಿವ್ ತೋಟಗಳಿವೆ. ಒಂದು ಗೆರೆಯನ್ನು ಬಿಟ್ಟ ನಕ್ಷೆ ಈ ಜಾಗವನ್ನೇ ಅಳಿಸಿಹಾಕುತ್ತದೆ.

ಇದು ಭದ್ರತೆಗಾಗಿ ಮಾಡಿದ ತಾತ್ಕಾಲಿಕ ಏರ್ಪಾಡು, ರಾಜಕೀಯ ಗಡಿಯಲ್ಲ ಎಂಬುದು ಇಸ್ರೇಲ್ ಸರ್ಕಾರದ್ದೇ ಮಾತು. 2002ರ ಮಾರ್ಚಿನಲ್ಲಿ ಇಸ್ರೇಲಿನ ನೆತನ್ಯಾದ ಹೋಟೆಲೊಂದರಲ್ಲಿ ಯಹೂದಿಗಳ ಪಾಸೋವರ್ ಹಬ್ಬದ ಊಟದ ಹೊತ್ತಿಗೆ ನಡೆದ ಆತ್ಮಾಹುತಿ ದಾಳಿಯಲ್ಲಿ 30 ಜನ ಸತ್ತರು. ಅಂಥ ಸಾಲು ಸಾಲು ದಾಳಿಗಳ ಬೆನ್ನಿಗೇ ಕಟ್ಟುವ ತೀರ್ಮಾನ ಬಂತು. ಆ ಭಯ ನಿಜವಾದದ್ದು. ಮಾರ್ಗ ವೆಸ್ಟ್ ಬ್ಯಾಂಕಿನ ಒಳಕ್ಕೆ ಹೊಕ್ಕಿದ್ದರಿಂದ ಹೊಲ ಕಳೆದುಕೊಂಡವರ ಸಂಕಟವೂ ಅಷ್ಟೇ ನಿಜ.

ಬೇಲಿ ಒಂದು ಕಡೆ, ಗಡಿ ಇನ್ನೊಂದು ಕಡೆ ಇರುವುದು ನಮಗೆ ಹೊಸದೂ ಅಲ್ಲ. ಭಾರತ–ಬಾಂಗ್ಲಾದೇಶ ಗಡಿಯಲ್ಲಿ 1975ರ ಒಪ್ಪಂದದ ಕಾರಣಕ್ಕೆ ಬೇಲಿಯನ್ನು ಸಾಮಾನ್ಯವಾಗಿ ಗಡಿಯಿಂದ 150 ಗಜ ಒಳಗೆ ಹಾಕಲಾಗಿದೆ, ಭಾರತದವರದ್ದೇ ಹೊಲಮನೆಗಳು ಬೇಲಿಯ ಆಚೆ ಉಳಿದಿವೆ. ವ್ಯತ್ಯಾಸ ಏನೆಂದರೆ, ಭಾರತ ಆ ಬೇಲಿ ಹಾಕಿರುವುದು ತನ್ನ ನೆಲದಲ್ಲಿ. ವೆಸ್ಟ್ ಬ್ಯಾಂಕಿನದು 1967ರಿಂದ ಇಸ್ರೇಲಿನ ಸೇನಾ ಹಿಡಿತದಲ್ಲಿರುವ ನೆಲ.

ಹಸಿರು ರೇಖೆಯಾದರೂ ನಿಖರವಾಗಿದೆಯೇ?

ಅಂದುಕೊಂಡಷ್ಟು ಇಲ್ಲ. 1948ರ ನವೆಂಬರ್ 30ರಂದು ಜೆರುಸಲೇಮಿನಲ್ಲಿ ಇಸ್ರೇಲಿನ ಸೇನಾಧಿಕಾರಿ ಮೋಶೆ ದಯಾನ್ ಮತ್ತು ಜೋರ್ಡಾನಿನ ಸೇನಾಧಿಕಾರಿ ಅಬ್ದುಲ್ಲಾ ಅಲ್-ತಲ್ ಒಂದು ನಕ್ಷೆಯ ಮೇಲೆ ತಮ್ಮ ತಮ್ಮ ಪಡೆಗಳ ಗೆರೆ ಎಳೆದರು. ಕೈಯಲ್ಲಿದ್ದದ್ದು ಮೇಣದ ಪೆನ್ಸಿಲ್, ನಕ್ಷೆಯ ಪ್ರಮಾಣ 1:20,000. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಆ ಗೆರೆ ನೆಲದ ಮೇಲೆ 60–80 ಮೀಟರ್ ಆಗುತ್ತದೆ. ಮನೆ, ಬೀದಿ, ಅಂಗಳ ಎಲ್ಲ ಗೆರೆಯ ದಪ್ಪದೊಳಗೇ ಸಿಕ್ಕಿಕೊಂಡವು. ‘ಗೆರೆಯ ದಪ್ಪ ಯಾರಿಗೆ ಸೇರಿದ್ದು?’ ಎಂದು ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು.

1949ರ ಏಪ್ರಿಲ್ 3ರಂದು ರೋಡ್ಸ್ ಮಾತುಕತೆಯಲ್ಲಿ ಸಹಿಯಾದ ಇಸ್ರೇಲ್–ಜೋರ್ಡಾನ್ ಒಪ್ಪಂದದ ನಕ್ಷೆ ಇನ್ನೂ ಒರಟು, 1:250,000. ಅಲ್ಲಿ ಒಂದು ಮಿಲಿಮೀಟರ್ ಎಂದರೆ ಕಾಲು ಕಿಲೋಮೀಟರ್. ಈ ಗೆರೆ ಮುಂದಿನ ಗಡಿ ಇತ್ಯರ್ಥಕ್ಕೆ ಯಾರ ಹಕ್ಕನ್ನೂ ಕಟ್ಟಿಹಾಕುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದಿದೆ. ಲತ್ರುನ್ ಹತ್ತಿರ ಎರಡು ಗೆರೆಗಳಿವೆ, ನಡುವೆ ಯಾರದೂ ಅಲ್ಲದ ನೆಲ.

ನಮ್ಮಲ್ಲಿ ಬದುವಿನ ಜಗಳ ಬಂದರೆ ಸರ್ವೆಯವರು ಬಂದು ಬಾಂದುಕಲ್ಲು ಹುಡುಕುತ್ತಾರೆ. ಅಲ್ಲಿ ಎಷ್ಟೋ ಕಡೆ ಕಲ್ಲಿಗಿಂತ ಮೊದಲು ಪೆನ್ಸಿಲ್ ಬಂತು. ಬರ್ತಾ ಎಂಬ ಹಳ್ಳಿಯ ಮಧ್ಯದ ಹಳ್ಳದ ಗುಂಟ ಗೆರೆ ಹಾದು, ಒಂದೇ ಮನೆತನದ ಜನ 1949ರಲ್ಲಿ ಎರಡು ಆಡಳಿತಗಳ ಕೆಳಗೆ ಬಂದರು. ಅರ್ಧ ಶತಮಾನದ ಮೇಲೆ ಬಂದ ತಡೆಗೋಡೆ ಆ ಗೆರೆಯನ್ನು ಹಿಡಿಯದೆ ಹಳ್ಳಿಯ ಪೂರ್ವಕ್ಕೆ ಹೋಯಿತು. ಪೂರ್ವ ಬರ್ತಾ ಈಗ ಎರಡರ ನಡುವೆ ಇದೆ. ಅಲ್ಲಿಯವರು ತಮ್ಮ ಜಿಲ್ಲಾ ಕೇಂದ್ರ ಜೆನಿನ್‌ಗೆ ಹೋಗಬೇಕಾದರೆ ತಪಾಸಣಾ ಠಾಣೆ ದಾಟಬೇಕು. ನಕ್ಷೆಯ ಮೇಲೆ ಇದು ಎರಡು ಗೆರೆಗಳ ನಡುವಿನ ಒಂದು ಚುಕ್ಕೆ.

ತಡೆಗೋಡೆಯ ಗೆರೆ ಮೂಲತಃ ಎಲ್ಲಿಂದ ಬರುತ್ತದೆ?

ಒಂದೇ ಮೂಲವಿಲ್ಲ. ಪ್ರತಿಯೊಂದರ ಬಲವೂ ಕೊರತೆಯೂ ಬೇರೆ.

ಮೊದಲನೆಯದು ಇಸ್ರೇಲ್ ಸರ್ಕಾರದ್ದೇ ನಕ್ಷೆ. 2003ರ ಅಕ್ಟೋಬರಿನಲ್ಲಿ ಅಲ್ಲಿನ ರಕ್ಷಣಾ ಸಚಿವಾಲಯ ಇಡೀ ಮಾರ್ಗದ ನಕ್ಷೆಯನ್ನು ಬಹಿರಂಗ ಮಾಡಿತು. 2005ರ ಫೆಬ್ರವರಿಯಲ್ಲಿ, ಮತ್ತೆ 2006ರ ಏಪ್ರಿಲ್‌ನಲ್ಲಿ ಸಂಪುಟ ಮಾರ್ಗವನ್ನು ಬದಲಿಸಿತು. ಸರ್ಕಾರಿ ನಕ್ಷೆಯ ಬಲ ಎಂದರೆ ಏನು ನಿರ್ಧಾರವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಅದು ಯೋಜನೆಯ ನಕ್ಷೆ, ನೆಲದ ಮೇಲೆ ಏನಿದೆ ಎಂಬುದರ ನಕ್ಷೆ ಆಗಬೇಕೆಂದಿಲ್ಲ.

ಎರಡನೆಯದು ಸೇನೆ ಹೊರಡಿಸುವ ಭೂಸ್ವಾಧೀನ ಆದೇಶ. ಪ್ರತಿ ಆದೇಶಕ್ಕೂ ಒಂದು ತುಣುಕು ನಕ್ಷೆ ಲಗತ್ತಾಗಿರುತ್ತದೆ. ಇಡೀ ಮಾರ್ಗ ಅದರಲ್ಲಿ ಕಾಣುವುದಿಲ್ಲ. ಆದರೆ ಯಾರ ಹೊಲದ ಮೇಲೆ ಬೇಲಿ ಬರುತ್ತದೆ ಎಂಬುದು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಹಕ್ಕುಗಳ ಸಂಘಟನೆಗಳು ಇಂಥ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ನಕ್ಷೆ ಮಾಡಿಕೊಂಡವು. ಇಸ್ರೇಲಿನದೇ ಆದ ಬೆತ್ಸೆಲೆಮ್ ಅದರಲ್ಲಿ ಮುಖ್ಯವಾದದ್ದು.

ಮೂರನೆಯದು ವಿಶ್ವಸಂಸ್ಥೆಯ ಸಮನ್ವಯ ಕಚೇರಿಯ ನಕ್ಷೆಗಳು. ಉಪಗ್ರಹ ಚಿತ್ರಕ್ಕೆ ಕ್ಷೇತ್ರ ಸಿಬ್ಬಂದಿ ಸ್ಥಳದಲ್ಲಿ ನೋಡಿದ್ದನ್ನು ಸೇರಿಸಿ ಅವು ತಯಾರಾಗುತ್ತವೆ. ಕಟ್ಟಿ ಮುಗಿದದ್ದು, ಕಟ್ಟುತ್ತಿರುವುದು, ಒಪ್ಪಿಗೆ ಮಾತ್ರ ಸಿಕ್ಕಿರುವುದು ಎಂದು ಮೂರು ಬಗೆಯಲ್ಲಿ ಗೆರೆ ಹಾಕುವ ಪದ್ಧತಿಯನ್ನು ನಾನು ಎತ್ತಿಕೊಂಡದ್ದು ಅಲ್ಲಿಂದಲೇ. ಅವರ ಹಾಳೆಯ ಮೂಲೆಯಲ್ಲಿ, ಇಲ್ಲಿನ ಗಡಿ ಮತ್ತು ಹೆಸರುಗಳಿಗೆ ವಿಶ್ವಸಂಸ್ಥೆಯ ಅಧಿಕೃತ ಅನುಮೋದನೆ ಇದೆಯೆಂದು ತಿಳಿಯಬಾರದು ಎಂಬ ಸಾಲು ಇರುತ್ತದೆ. ಆ ಸಾಲನ್ನು ಕತ್ತರಿಸಿ ನಕ್ಷೆ ಮಾತ್ರ ಹಂಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಾಲ್ಕನೆಯದು ನ್ಯಾಯಾಲಯದ ಕಡತ. ಇದರ ಬಗ್ಗೆ ಬೇರೆಯಾಗಿಯೇ ಹೇಳಬೇಕು.

ನ್ಯಾಯಾಲಯಕ್ಕೂ ನಕ್ಷೆಗೂ ಏನು ಸಂಬಂಧ?

ಈ ಗೆರೆಯನ್ನು ಯಾರಾದರೂ ಗಟ್ಟಿಯಾಗಿ ಪ್ರಶ್ನಿಸಿ ಸರಿಸಿದ್ದರೆ ಅದು ನಡೆದದ್ದು ನ್ಯಾಯಾಲಯದಲ್ಲಿ. 2004ರ ಜೂನ್ 30ರಂದು ಬೇತ್ ಸೂರಿಕ್ ಎಂಬ ಹಳ್ಳಿಯ ಪ್ರಕರಣದಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ, ಅರ್ಜಿಯಲ್ಲಿದ್ದ ಸುಮಾರು 40 ಕಿ.ಮೀ. ಮಾರ್ಗದಲ್ಲಿ 30 ಕಿ.ಮೀ.ಯನ್ನು ರದ್ದುಮಾಡಿತು. ಭದ್ರತೆಯ ಅಗತ್ಯವನ್ನು ಒಪ್ಪಿತು, ಆದರೆ ಹಳ್ಳಿಗರಿಗೆ ಆಗುವ ಹಾನಿ ಆ ಅಗತ್ಯದ ಅಳತೆಯನ್ನು ಮೀರಿದೆ ಎಂದಿತು. ಆ ಮೊಕದ್ದಮೆಯಲ್ಲಿ ನಿವೃತ್ತ ಸೇನಾಧಿಕಾರಿಗಳಿದ್ದ ಇಸ್ರೇಲಿ ಸಂಘಟನೆಯೊಂದು ಹೀಗೂ ಹೋಗಬಹುದು ಎಂದು ಬದಲಿ ಮಾರ್ಗವನ್ನೇ ಮುಂದಿಟ್ಟಿತು. ನಕ್ಷೆಗೆ ನಕ್ಷೆಯೇ ಉತ್ತರವಾಯಿತು.

ಒಂಬತ್ತು ದಿನಗಳ ಮೇಲೆ, ಜುಲೈ 9ರಂದು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು. ಆಕ್ರಮಿತ ಪ್ರದೇಶದ ಒಳಗೆ ಗೋಡೆ ಕಟ್ಟುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದಿತು. ಅದು ಮುಖ್ಯವಾಗಿ ಆಧರಿಸಿದ್ದು 2003ರ ನವೆಂಬರಿನ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯ ವರದಿ ಮತ್ತು ಅದಕ್ಕೆ ಆಮೇಲೆ ಸೇರಿಸಿದ ಮಾಹಿತಿಯನ್ನು. ಇಸ್ರೇಲ್ ಆ ನ್ಯಾಯಾಲಯದ ಅಧಿಕಾರವನ್ನೇ ಪ್ರಶ್ನಿಸಿ ಲಿಖಿತ ಹೇಳಿಕೆ ಕೊಟ್ಟಿತೇ ಹೊರತು ವಾದಕ್ಕೆ ಹೋಗಲಿಲ್ಲ. 2005ರಲ್ಲಿ ಅಲ್ಫೇ ಮೆನಾಶೆ ವಸಾಹತಿನ (ವಸಾಹತು ಎಂದರೆ ವೆಸ್ಟ್ ಬ್ಯಾಂಕಿನ ನೆಲದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರು) ಪ್ರಕರಣದ ತೀರ್ಪು ಕೊಡುವಾಗ ಇಸ್ರೇಲಿನ ನ್ಯಾಯಾಲಯ, ಹೇಗ್‌ನ ಮುಂದಿದ್ದ ವಿವರಗಳೂ ತಮ್ಮ ಮುಂದಿದ್ದ ವಿವರಗಳೂ ಒಂದೇ ಆಗಿರಲಿಲ್ಲ, ತೀರ್ಮಾನ ಬೇರೆಯಾದದ್ದಕ್ಕೆ ಅದೂ ಕಾರಣ ಎಂದಿತು. ಎರಡು ದೊಡ್ಡ ನ್ಯಾಯಾಲಯಗಳ ಭಿನ್ನಮತ ಬರೀ ಕಾನೂನಿನದಲ್ಲ, ಮುಂದಿಟ್ಟ ನಕ್ಷೆಯದೂ ಹೌದು. ಮೂಲ ಯಾವುದು, ಯಾವ ತಾರೀಖಿನದು ಎಂಬ ಪ್ರಶ್ನೆಯನ್ನು ನಾನು ಇಷ್ಟು ಹಿಡಿದು ಕೇಳುವುದು ಅದಕ್ಕೇ.

ಸರ್ಕಾರಿ ನಕ್ಷೆ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ ಎನ್ನಲು ಇನ್ನೊಂದು ಪ್ರಕರಣ ಸಾಕು. ಅಝ್ಝೂನ್ ಹಳ್ಳಿಯ ಹತ್ತಿರ ತ್ಸೂಫಿನ್ ವಸಾಹತಿನ ಸುತ್ತ ಹಾಕಿದ ಬೇಲಿಯ ಮಾರ್ಗಕ್ಕೆ ಭದ್ರತೆಯಷ್ಟೇ ಕಾರಣವಾಗಿರಲಿಲ್ಲ. ವಸಾಹತನ್ನು ವಿಸ್ತರಿಸುವ ಯೋಜನೆಯೂ ಅದರ ಹಿಂದಿತ್ತು, ಅದನ್ನು ನ್ಯಾಯಾಲಯಕ್ಕೆ ಮೊದಲು ತಿಳಿಸಿರಲಿಲ್ಲ. 2006ರಲ್ಲಿ ಅದೇ ಇಸ್ರೇಲಿ ನ್ಯಾಯಾಲಯ ಇದಕ್ಕಾಗಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಆ ಭಾಗದ ಬೇಲಿ ಕೀಳಲು ಹೇಳಿತು.

ಉದ್ದವೂ ಶೇಕಡವಾರು ಲೆಕ್ಕವೂ ಒಂದೊಂದು ಕಡೆ ಒಂದೊಂದು ಥರ ಇವೆಯಲ್ಲ, ಯಾವುದು ಸುಳ್ಳು?

ಹೆಚ್ಚಿನವು ಸುಳ್ಳಲ್ಲ, ಹಳೆಯವು. ಹೇಗ್‌ನ ಅಭಿಪ್ರಾಯದಲ್ಲಿ ಮಾರ್ಗದ ಉದ್ದ ಸುಮಾರು 720 ಕಿ.ಮೀ. ಎಂದಿದೆ. ಹಸಿರು ರೇಖೆಗೂ ಗೋಡೆಗೂ ನಡುವೆ ಸಿಗುವ ನೆಲ ಸುಮಾರು 975 ಚದರ ಕಿ.ಮೀ., ಅಂದರೆ ವೆಸ್ಟ್ ಬ್ಯಾಂಕಿನ 16.6 ಶೇಕಡ ಎಂದೂ ಇದೆ. ಅದು 2003ರ ಮಾರ್ಗ. ತೀರ್ಪುಗಳು, ಸಂಪುಟದ ತಿದ್ದುಪಡಿಗಳು ಬಂದ ಮೇಲೆ ವಿಶ್ವಸಂಸ್ಥೆಯ ಕಚೇರಿಯ ಲೆಕ್ಕ 9.4 ಶೇಕಡಕ್ಕೆ ಇಳಿಯಿತು. 16.6 ಎಂದು ಇಂದು ಬರೆದರೆ ತಪ್ಪು. ಅದನ್ನು ಹಿಡಿದು ‘2004ರಲ್ಲಿ ಸುಳ್ಳು ಹೇಳಿದರು’ ಎನ್ನುವುದೂ ತಪ್ಪು.

ಭಾಗಿಸುವ ಅಂಕಿಯನ್ನೂ ನೋಡಬೇಕು. ವೆಸ್ಟ್ ಬ್ಯಾಂಕ್ ಎಂದರೆ ಪೂರ್ವ ಜೆರುಸಲೇಮ್ ಸೇರಿಸಿಯೋ ಬಿಟ್ಟೋ? ಮೃತ ಸಮುದ್ರದ ನೀರಿನ ಪಾಲು ಸೇರಿದರೆ ಸುಮಾರು 5,860 ಚ.ಕಿ.ಮೀ., ಬರೀ ನೆಲ ಹಿಡಿದರೆ ಸುಮಾರು 5,640. ಯಾರದರಲ್ಲೂ ಮೋಸವಿಲ್ಲದೆಯೇ ಶೇಕಡವಾರು ಬದಲಾಗುತ್ತದೆ.

ಕಟ್ಟದೇ ಇರುವುದನ್ನು ಕಟ್ಟಿದ ಹಾಗೆ ತೋರಿಸುವ ನಕ್ಷೆಗಳಿವೆಯೇ?

ಬೇಕಾದಷ್ಟಿವೆ. ಒಪ್ಪಿಗೆಯಾದ ಮಾರ್ಗದಲ್ಲಿ ನೆಲದ ಮೇಲೆ ನಿಂತಿರುವುದು ಸುಮಾರು ಮೂರನೇ ಎರಡು ಭಾಗ. ಹಸಿರು ರೇಖೆಯಿಂದ 22 ಕಿ.ಮೀ.ಯಷ್ಟು ಒಳಗೆ ಚಾಚುವ ಅರಿಯೇಲ್ ವಸಾಹತಿನ ಸುತ್ತಿನ ‘ಬೆರಳು’, ಜೆರುಸಲೇಮಿನ ಪೂರ್ವಕ್ಕೆ ಮಾಲೆ ಅದುಮಿಮ್ ವಸಾಹತಿನ ಸುತ್ತಿನ ಭಾಗ, ಇವು ಬಹುಮಟ್ಟಿಗೆ ಕಾಗದದ ಮೇಲೇ ಇವೆ. ಇವನ್ನು ಗಟ್ಟಿ ಗೆರೆಯಲ್ಲಿ ಹಾಕಿದರೆ ನಕ್ಷೆ ತಪ್ಪು.

ಇನ್ನೊಂದು ಹಳೆಯ ತಪ್ಪು ಜೋರ್ಡಾನ್ ಕಣಿವೆಯ ಗುಂಟ ಪೂರ್ವದಲ್ಲೂ ಗೋಡೆ ತೋರಿಸಿ, ವೆಸ್ಟ್ ಬ್ಯಾಂಕನ್ನು ಸುತ್ತಲೂ ಮುಚ್ಚಿದಂತೆ ಬಿಡಿಸುವುದು. 2003ರ ಸುಮಾರಿನಲ್ಲಿ ಅಂಥ ಗೋಡೆ ಬರುತ್ತದೆಂಬ ನಿರೀಕ್ಷೆಯಲ್ಲಿ ಪ್ಯಾಲೆಸ್ಟೀನ್ ಪರ ಗುಂಪುಗಳು ಆ ನಕ್ಷೆ ಮಾಡಿದವು. ಒಪ್ಪಿಗೆಯಾದ ಮಾರ್ಗದಲ್ಲಿ ಆ ಭಾಗ ಬರಲೇ ಇಲ್ಲ. ಅದು ಇಂದಿಗೂ ಹಂಚಿಕೆಯಾಗುತ್ತಿದೆ. ನ್ಯಾಯ ಕೇಳುವವರ ಕೈಯಲ್ಲಿ ತಪ್ಪು ನಕ್ಷೆ ಇದ್ದರೆ ಎದುರಿನವರಿಗೆ ಅದೊಂದೇ ಸಾಕು, ಮಿಕ್ಕ ನಿಜವನ್ನೆಲ್ಲ ತಳ್ಳಿಹಾಕಿಬಿಡುತ್ತಾರೆ.

ತಿದ್ದದ ನಕ್ಷೆಗಳ ಸಮಸ್ಯೆ ತಿರುಗಾಮುರುಗಾ ಕೂಡ ಇದೆ. ಬಿಲಿನ್ ಹಳ್ಳಿಯ ಮಾರ್ಗ ಬದಲಿಸಬೇಕೆಂದು 2007ರಲ್ಲಿ ತೀರ್ಪಾಯಿತು. ಬೇಲಿ ನಿಜವಾಗಿ ಸರಿದದ್ದು 2011ರಲ್ಲಿ. ತೀರ್ಪು ಓದಿದ ಕೂಡಲೇ ಗೆರೆ ಸರಿಸಿದವರ ನಕ್ಷೆ ನಾಲ್ಕು ವರ್ಷ ತಪ್ಪಾಗಿತ್ತು!

ಉಪಗ್ರಹ ಚಿತ್ರ ಇದೆಯಲ್ಲ, ಅದನ್ನೇ ನೋಡಿ ಗೆರೆ ಎಳೆದರೆ ಮುಗಿಯಿತಲ್ಲವೇ?

ಬೇಲಿಯ ಭಾಗಕ್ಕೆ ಅದು ಒಳ್ಳೆಯ ದಾರಿ. ಗಸ್ತು ರಸ್ತೆ, ಕಂದಕ ಸೇರಿದ ಅಗಲವಾದ ಪಟ್ಟಿ ಸಾಧಾರಣ ಚಿತ್ರದಲ್ಲೂ ಬಿಳಿ ಗಾಯದ ಹಾಗೆ ಕಾಣುತ್ತದೆ. ಊರೊಳಗಿನ ಕಾಂಕ್ರೀಟ್ ಗೋಡೆ ಕಷ್ಟ. ತೆಳ್ಳಗಿನ ಗೋಡೆ ಮನೆಗಳ ಸಾಲಿನಲ್ಲಿ ಮರೆಯಾಗುತ್ತದೆ, ನೆರಳು ನೋಡಿ ಹುಡುಕಬೇಕು.

ಇದಕ್ಕೆ ಕಾನೂನಿನ ತೊಡಕೂ ಇತ್ತು. ಅಮೆರಿಕ 1996ರಲ್ಲಿ ತಂದ ಕೈಲ್–ಬಿಂಗಮನ್ ತಿದ್ದುಪಡಿ, ಬೇರೆ ದೇಶಗಳ ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ಸ್ಪಷ್ಟವಾದ ಇಸ್ರೇಲಿನ ಚಿತ್ರಗಳನ್ನು ಅಮೆರಿಕದ ಕಂಪನಿಗಳು ಮಾರದಂತೆ ತಡೆಯಿತು. ಆಕ್ರಮಿತ ಪ್ರದೇಶಗಳಿಗೂ ಅದೇ ಅನ್ವಯವಾಯಿತು. ಮಿತಿ 2 ಮೀಟರ್ ಎಂದು ನಿಂತಿತು, ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 2 ಮೀಟರಿಗಿಂತ ಚಿಕ್ಕದಾಗುವಂತಿರಲಿಲ್ಲ. 2020ರಲ್ಲಿ ಅದನ್ನು 0.4 ಮೀಟರಿಗೆ ಇಳಿಸಿದರು. ಅಲ್ಲಿಯವರೆಗೆ ನಿಮ್ಮ ಊರಿನ ತೆಂಗಿನ ಮರ ಎಣಿಸಲು ಬರುತ್ತಿದ್ದಾಗಲೂ ಬೆತ್ಲೆಹೆಮ್ ಮಸುಕಾಗಿ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಆ ಕಾಲದ ಚಿತ್ರದಿಂದ ತೆಗೆದ ಗೆರೆಗೆ ಆ ಕಾಲದ ಸೂಕ್ಷ್ಮತೆಯೇ ಇರುತ್ತದೆ, ಎಷ್ಟು ದೊಡ್ಡದು ಮಾಡಿ ನೋಡಿದರೂ ಹೆಚ್ಚುವುದಿಲ್ಲ.

ಹಳೆಯ ನಕ್ಷೆಗಳನ್ನು ಹೊಸ ಚಿತ್ರದ ಮೇಲೆ ಕೂರಿಸುವಾಗ ಇನ್ನೊಂದು ಎಡವಟ್ಟಾಗುತ್ತದೆ. ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೀನ್ ಗ್ರಿಡ್ (ನಕ್ಷೆಯ ಮೇಲೆ ಜಾಗ ಗುರುತಿಸುವ ಚೌಕಳಿ), ಇಸ್ರೇಲಿನ ಹೊಸ ಗ್ರಿಡ್, ಜಿಪಿಎಸ್ ಬಳಸುವ ವ್ಯವಸ್ಥೆ, ಮೂರರ ಲೆಕ್ಕವೂ ಬೇರೆ. ಸರಿಯಾಗಿ ಪರಿವರ್ತಿಸದಿದ್ದರೆ ಗೆರೆ ಹತ್ತಾರು ಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು, ಪಕ್ಕಕ್ಕೆ ಸರಿಯುತ್ತದೆ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಅದು ಲೆಕ್ಕಕ್ಕಿಲ್ಲ, ಅಲ್ಲಿಯ ರೈತನಿಗೆ ಅದು ಅವನ ತೋಟ.

ನಕ್ಷೆಯಲ್ಲಿ ಬಾಗಿಲುಗಳ ಗುರುತಿದೆ. ಅಂದರೆ ಜನ ಓಡಾಡಬಹುದು ಅಲ್ಲವೇ?

ಗುರುತು ಬಾಗಿಲು ಇದೆ ಎಂದಷ್ಟೇ ಹೇಳುತ್ತದೆ. ಯಾವಾಗ ತೆರೆಯುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದು ಅದರಲ್ಲಿಲ್ಲ. 2003ರ ಅಕ್ಟೋಬರಿನಲ್ಲಿ ಉತ್ತರ ಭಾಗದ ಬೇಲಿಗೂ ಹಸಿರು ರೇಖೆಗೂ ನಡುವಿನ ನೆಲವನ್ನು ಸೇನೆ ಮುಚ್ಚಿದ ವಲಯವೆಂದು ಘೋಷಿಸಿತು. ಅಲ್ಲಿರುವ ಪ್ಯಾಲೆಸ್ಟೀನಿಯರು ತಮ್ಮ ಮನೆಯಲ್ಲಿ ಇರುವುದಕ್ಕೂ, ಹೊರಗಿನವರು ತಮ್ಮದೇ ಹೊಲಕ್ಕೆ ಹೋಗುವುದಕ್ಕೂ ಪರವಾನಗಿ ಬೇಕಾಯಿತು. ಕೆಲವು ಬಾಗಿಲು ದಿನವೂ ತೆರೆಯುತ್ತವೆ. ಬಹಳಷ್ಟು ತೆರೆಯುವುದು ಆಲಿವ್ ಕೊಯ್ಲಿನ ಕೆಲವು ವಾರ, ಅಕ್ಟೋಬರ್–ನವೆಂಬರಿನ ಸುಮಾರಿಗೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರದ ಕೊಯ್ಲಿನಲ್ಲಿ ಹೆಚ್ಚಿನವು ತೆರೆಯಲೇ ಇಲ್ಲ. ಅಡಿಕೆಯೋ ಕಾಫಿಯೋ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಯ್ಲಿನ ಹದ ತಪ್ಪಿದರೆ ಆ ವರ್ಷ ಹೋದಂತೆ. ಉತ್ತು ಗೊಬ್ಬರ ಹಾಕುವ ಕಾಲಕ್ಕೆ ಬಾಗಿಲು ಮುಚ್ಚಿದ್ದರೆ ಮರವೇ ಸೊರಗುತ್ತದೆ.

ಬಾಗಿಲಿಗೆ ಒಂದೇ ಚಿಹ್ನೆ ಹಾಕುವುದು ಸುಲಭ. ನನ್ನ ನಕ್ಷೆಯಲ್ಲಿ ದಿನವೂ ತೆರೆಯುವುದು, ಕೊಯ್ಲಿಗೆ ಮಾತ್ರ ತೆರೆಯುವುದು ಎಂದು ಬೇರೆ ಮಾಡಿ, ಯಾವ ವರ್ಷದ ಮಾಹಿತಿ ಎಂದು ಪಕ್ಕದಲ್ಲೇ ಬರೆದಿದ್ದೇನೆ.

ಜೆರುಸಲೇಮಿನಲ್ಲಿ ಗೆರೆಗಳೆಲ್ಲ ಕಲಸಿಕೊಂಡಂತೆ ಕಾಣುತ್ತವೆ. ಯಾಕೆ?

ಅಲ್ಲಿ ಮೂರನೆಯ ಗೆರೆಯೊಂದಿದೆ. 1967ರಲ್ಲಿ ಇಸ್ರೇಲ್ ವಿಸ್ತರಿಸಿದ ನಗರಪಾಲಿಕೆ ಎಲ್ಲೆ. ಕಫರ್ ಅಕಬ್ ಮತ್ತು ಶುಆಫಾತ್ ನಿರಾಶ್ರಿತರ ಶಿಬಿರ ಆ ಎಲ್ಲೆಯ ಒಳಗಿದ್ದೂ ತಡೆಗೋಡೆಯ ಆಚೆ ಉಳಿದಿವೆ. ಮೂರು ಗೆರೆಗಳನ್ನೂ ಹಾಕದ ಜೆರುಸಲೇಮ್ ನಕ್ಷೆಯನ್ನು ಬಳಸಬೇಡಿ.

ನಮ್ಮ ಮನೆಯವರು ಇಸ್ರೇಲಿನಲ್ಲಿ ಆರೈಕೆ ಕೆಲಸಕ್ಕಿದ್ದಾರೆ, ರಜೆಯಲ್ಲಿ ಬೆತ್ಲೆಹೆಮ್‌ಗೆ ಹೋಗಬೇಕಂತೆ. ಫೋನಿನ ನಕ್ಷೆ ಸಾಕೇ?

ಮಂಗಳೂರು, ಉಡುಪಿ ಕಡೆಯವರು ಕೇಳುವ ಪ್ರಶ್ನೆ ಇದು. ದಾರಿ ನೋಡಲು ಸಾಕು. ಠಾಣೆ ತೆರೆದಿದೆಯೇ, ನಿಮ್ಮ ವೀಸಾದವರನ್ನು ಆ ಕಡೆಯಿಂದ ವಾಪಸ್ ಬಿಡುತ್ತಾರೆಯೇ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅಂದಂದಿನ ಸ್ಥಿತಿಯನ್ನು ಅಲ್ಲಿ ಈಗಾಗಲೇ ಓಡಾಡುತ್ತಿರುವವರಿಂದ, ಭಾರತದ ರಾಯಭಾರ ಕಚೇರಿಯಿಂದ ಕೇಳಿಕೊಂಡೇ ಹೊರಡಿ.

ಕನ್ನಡದಲ್ಲಿ ಇಂಥ ನಕ್ಷೆ ಅಚ್ಚು ಹಾಕಿದರೆ ಕಾನೂನಿನ ತೊಂದರೆ ಇದೆಯೇ?

ಚೌಕಟ್ಟಿನೊಳಗೆ ಭಾರತ ಬಂದರೆ ಎಚ್ಚರ ಬೇಕು. ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕಾಯಿದೆಯಡಿ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು. ವೆಸ್ಟ್ ಬ್ಯಾಂಕಿನ ಭಾಗವನ್ನು ಮಾತ್ರ ತೋರಿಸುವ ನಕ್ಷೆಗೆ ಆ ನಿಯಮ ತಾಗುವುದಿಲ್ಲ.

ಮಕ್ಕಳಿಗೆ ಒಂದೇ ಒಂದು ಉದಾಹರಣೆ ಕೊಟ್ಟು ಹೇಳಿಕೊಡಬೇಕು. ಯಾವ ಊರು ತೆಗೆದುಕೊಳ್ಳಲಿ?

ಬತ್ತೀರ್. ಜೆರುಸಲೇಮಿನ ನೈಋತ್ಯದ ಹಳ್ಳಿ. ಇಳಿಜಾರಿನಲ್ಲಿ ಕಲ್ಲುಕಟ್ಟಿದ ಮೆಟ್ಟಿಲು ಹೊಲಗಳು, ಊಟೆಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಹಳೆಯ ಕಾಲುವೆಗಳು, ಕೆಳಗೆ ಕಣಿವೆಯಲ್ಲಿ 1892ರ ಜಾಫಾ–ಜೆರುಸಲೇಮ್ ರೈಲುಹಾದಿ. 1949ರಲ್ಲಿ ಹಸಿರು ರೇಖೆ ಈ ಕಣಿವೆಯ ಗುಂಟ ಬಂದಾಗ, ರೈಲಿಗೆ ಹಾನಿ ಮಾಡದಿದ್ದರೆ ಹಳ್ಳಿಗರು ಗೆರೆಯಾಚೆಯ ತಮ್ಮ ಹೊಲಗಳನ್ನು ಉಳುತ್ತಿರಬಹುದು ಎಂಬ ಏರ್ಪಾಡಾಯಿತು, ಅದು ದಶಕಗಟ್ಟಲೆ ನಡೆಯಿತು. ಆಮೇಲೆ ತಡೆಗೋಡೆಯ ಮಾರ್ಗ ಇಲ್ಲೇ ಬಂತು. ಹಳ್ಳಿಗರ ಜೊತೆ ಪರಿಸರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು, ಇಸ್ರೇಲಿನ ನಿಸರ್ಗ ಮತ್ತು ಉದ್ಯಾನ ಪ್ರಾಧಿಕಾರವೂ ಆ ಮಾರ್ಗಕ್ಕೆ ಒಪ್ಪಲಿಲ್ಲ. 2014ರಲ್ಲಿ ಬತ್ತೀರ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2015ರ ಜನವರಿಯಲ್ಲಿ ನ್ಯಾಯಾಲಯದ ಮುಂದೆ ಯೋಜನೆ ತಡೆಯಲ್ಲೇ ನಿಂತಿತು.

ಮಕ್ಕಳ ಮುಂದೆ ಮೂರು ನಾಲ್ಕು ನಕ್ಷೆಗಳನ್ನಿಟ್ಟು ಬತ್ತೀರ್ ಹುಡುಕಲು ಹೇಳಿ. ಒಂದರಲ್ಲಿ ಅಲ್ಲಿ ಗಟ್ಟಿ ಗೆರೆ ಇರುತ್ತದೆ, ಒಂದರಲ್ಲಿ ತುಂಡು ಗೆರೆ, ಒಂದರಲ್ಲಿ ಏನೂ ಇರುವುದಿಲ್ಲ. ಯಾವುದು ಯಾವ ವರ್ಷದ್ದು, ಯಾರು ಮಾಡಿದ್ದು ಎಂದು ಅವರೇ ಹಾಳೆಯ ಮೂಲೆಯಲ್ಲಿ ಹುಡುಕಿ ಬರೆದುಕೊಳ್ಳಲಿ. ಮೂಲೆಯಲ್ಲಿ ಏನೂ ಬರೆದಿರದ ನಕ್ಷೆಯನ್ನು ಪಕ್ಕಕ್ಕಿಡಲಿ.